ಕಬ್ಬಿಣದ ನೇಗಿಲು ತಯಾರಿಸಿದ ಕಿರ್ಲೋಸ್ಕರರು

ನಮ್ಮ ಶೆಟ್ಟಿಕೆರೆ ಸುತ್ತಿನ ತೆಂಗಿನ ತೋಟಗಳಲ್ಲಿ ಕಿರ್ಲೋಸ್ಕರ್ ಪಂಪಿನ ಹೆಸರು ಕೇಳದವರು ವಿರಳ. ಆ ಹೆಸರಿನ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು.

ಅವರು ಮೊದಲು ಮುಂಬಯಿಗೆ ಹೋದದ್ದು ಚಿತ್ರಕಲೆ ಕಲಿಯಲು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದ್ದರಿಂದ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅಲ್ಲಿಯೇ ತಾಂತ್ರಿಕ ಶಾಲೆಯೊಂದರಲ್ಲಿ ಉಪಾಧ್ಯಾಯರೂ ಆದರು. ನ್ಯಾಯವಾಗಿ ಸಿಗಬೇಕಾಗಿದ್ದ ಬಡ್ತಿ ಬೇರೊಬ್ಬರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣನೊಡನೆ ಸೈಕಲ್ ವ್ಯಾಪಾರ ಮಾಡಿದರು. ಬಳಿಕ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು.

ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿ ವಿಷವಾಗುವುದೆಂದು ಹಲವರು ಹೆದರಿದರು. ಮರದ ನೇಗಿಲಿನ ಗುಳವೂ ಕಬ್ಬಿಣದ್ದೇ ಎಂಬುದು ಅವರಿಗೆ ಹೊಳೆಯಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ.

ಅಷ್ಟರಲ್ಲಿ ಬೆಳಗಾವಿಯ ಜಾಗವೂ ಕೈಬಿಟ್ಟಿತು. ಔಂಧ್ ಸಂಸ್ಥಾನದ ಅರಸರು ಕುಂಡಲ್ ರಸ್ತೆ ರೈಲು ನಿಲ್ದಾಣದ ಬಳಿ ಕಳ್ಳಿ ಬೆಳೆದ ಬರಡು ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಕೆಲಸಗಾರರ ಮನೆಗಳೂ ಎದ್ದವು. ಅದೇ ಇಂದಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿ. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಆ ನೇಗಿಲಿನ ಗುಣವೇನು? ಮರದ ನೇಗಿಲು ನೆಲವನ್ನು ಸೀಳುತ್ತದೆ. ಮಣ್ಣನ್ನು ಪೂರ್ತಿ ಮಗುಚುವುದಿಲ್ಲ. ಕಬ್ಬಿಣದ ರೆಕ್ಕೆ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚಿ ಹಾಕುತ್ತದೆ. ಕಳೆಯೂ ಕೂಳೆಯೂ ಅಡಿಗೆ ಬಿದ್ದು ಕೊಳೆತು ಗೊಬ್ಬರವಾಗುತ್ತವೆ. ಆದರೆ ಅದನ್ನು ಎಳೆಯಲು ಗಟ್ಟಿ ಎತ್ತುಗಳು ಬೇಕು.

ಎಲ್ಲ ನೆಲಕ್ಕೂ ಅದು ಹೊಂದುವುದಿಲ್ಲ ಎಂಬುದನ್ನೂ ಮರೆಯಬಾರದು. ರಾಗಿ ಹೊಲದಲ್ಲಿ ಆಳದ ಉಳುಮೆ ಒಳ್ಳೆಯದಾದೀತು. ತೆಂಗಿನ ಬೇರುಗಳು ಬಹುಪಾಲು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಬುಡದ ಹತ್ತಿರ ಆಳವಾಗಿ ಉತ್ತರೆ ಬೇರು ಕಡಿದು ಮರ ಸೊರಗುತ್ತದೆ. ಇಂದಿನ ಟ್ರ್ಯಾಕ್ಟರ್ ನೇಗಿಲಿಗೂ ಈ ಮಾತು ಸಲ್ಲುತ್ತದೆ.

ಹೊಸ ಉಪಕರಣ ಬಂದಾಗ ಹೆದರಿ ದೂರವಿಡುವುದೂ ಬೇಡ, ಹೊಗಳಿಕೆ ಕೇಳಿ ಸಾಲ ಮಾಡಿ ಕೊಳ್ಳುವುದೂ ಬೇಡ. ಹೊಲದ ಒಂದು ಮೂಲೆಯಲ್ಲಿ ಒಂದು ಹಂಗಾಮು ನಡೆಸಿ ನೋಡಿರಿ. ಮಾರುವವನ ಮಾತಿಗಿಂತ ನಿಮ್ಮ ಬೆಳೆಯ ಮಾತೇ ನಿಜವಾದದ್ದು.