ಬಾಯಿ ಕಟ್ಟಿದ ಜೀನುಗಳು

ಇ. ಕೊಲೈ ಎಂಬ ಒಂದೇ ಹೆಸರಿನಡಿ ಎಷ್ಟು ಜೀನುಗಳಿರಬಹುದು? 2009ರಲ್ಲಿ ವಿಜ್ಞಾನಿಗಳು ಈ ಬ್ಯಾಕ್ಟೀರಿಯಾದ ಬರೀ 20 ತಳಿಗಳ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೊಂದು ತಳಿಯಲ್ಲೂ ಸರಾಸರಿ ಐದು ಸಾವಿರದ ಒಳಗೇ ಜೀನುಗಳಿದ್ದವು. ಆದರೆ ಎಲ್ಲದರಲ್ಲಿರುವ ಬಗೆಬಗೆಯ ಜೀನುಗಳನ್ನು ಕೂಡಿಸಿದಾಗ ಬಂದ ಮೊತ್ತ 17,838. ಮನುಷ್ಯನ ಜೀನುಗಳೇ ಸುಮಾರು 20,000! ಇಪ್ಪತ್ತೂ ತಳಿಗಳಲ್ಲಿ ಸಿಕ್ಕಿದ್ದು 1,976 ಮಾತ್ರ.

ಪಠ್ಯಪುಸ್ತಕಗಳು ಇ. ಕೊಲೈ ಎನ್ನುವುದು ಸಾಮಾನ್ಯವಾಗಿ ಕೆ-12 ಎಂಬ ತಳಿಯನ್ನು. 1922ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಡಿಫ್ತೀರಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರ ಮಲದಿಂದ ತೆಗೆದದ್ದು. ಅಂದಿನಿಂದ ಅದಕ್ಕೆ ಪ್ರಯೋಗಾಲಯವೇ ಮನೆ. ಹೊತ್ತುಹೊತ್ತಿಗೆ ಊಟ, ಶತ್ರುಗಳ ಕಾಟವಿಲ್ಲ. 1997ರಲ್ಲಿ ವಿಸ್ಕಾನ್ಸಿನ್ ವಿಜ್ಞಾನಿಗಳು ಅದರ ಜೀನೋಮನ್ನು ಓದಿ ಮುಗಿಸಿದರು: 46,39,221 ಅಕ್ಷರ, 4,288 ಜೀನು. ನಾಲ್ಕೇ ವರ್ಷಕ್ಕೆ ಅದರ ದಾಯಾದಿ, ರಕ್ತಭೇದಿ ತರುವ ಒ157:ಎಚ್7 ತಳಿಯನ್ನೂ ಓದಿದರು. ಕೆ-12ರಲ್ಲಿಲ್ಲದ 1,387 ಜೀನುಗಳು ಅದರಲ್ಲಿದ್ದವು.

ಇಲ್ಲದ್ದು ಇಲ್ಲ, ಬಿಡಿ. ಇದ್ದೂ ಕೆಲಸ ಮಾಡದ ಜೀನುಗಳ ಕತೆ ಇದಕ್ಕಿಂತ ಸ್ವಾರಸ್ಯದ್ದು. ಕಾಡುತಳಿಗಳ ಮೈಮೇಲೆ ಸಕ್ಕರೆ ಸರಪಳಿಗಳ ಹೊದಿಕೆ ಇರುತ್ತದೆ. ಕೆ-12 ಬೆತ್ತಲೆ. ಹೊದಿಕೆ ನೇಯುವ ಜೀನುಗಳು ಅದರಲ್ಲೂ ಸಾಲಾಗಿ ಇವೆ; ಅವುಗಳಲ್ಲೊಂದರ ನಡುವೆ ಐಎಸ್5 ಎಂಬ ಜಿಗಿಯುವ ಡಿಎನ್‌ಎ ತುಣುಕು ಬಂದು ಕೂತಿದೆ. ಅದರ ಉದ್ದ 1,195 ಅಕ್ಷರ, ಇಡೀ ಜೀನೋಮಿನ ಸುಮಾರು 3,900ರಲ್ಲಿ ಒಂದು ಪಾಲು. ಅಷ್ಟಕ್ಕೇ ನೇಯ್ಗೆ ನಿಂತಿದೆ. ಕೆಟ್ಟ ಜೀನಿನ ಬದಲು ಸರಿಯಾದದ್ದನ್ನು ಕೊಟ್ಟರೆ ಹೊದಿಕೆ ಮತ್ತೆ ಮೂಡುತ್ತದೆ. ಇನ್ನೊಂದೆಡೆ ಬಿದ್ದುಹೋದದ್ದು ಒಂದೇ ಒಂದು ಅಕ್ಷರ. ಅದರಿಂದಾಗಿ ಪಕ್ಕದ ಜೀನು ಸೊರಗಿ, ಬಡ ಆಹಾರದಲ್ಲಿ ಕೆ-12ರ ಬೆಳವಣಿಗೆ ಶೇ. 10-15ರಷ್ಟು ನಿಧಾನವಾಗುತ್ತದೆ.

ಇದನ್ನೆಲ್ಲ ಪ್ರಯೋಗಾಲಯದ ಸುಖಜೀವನದ ಫಲ ಎಂದು ಕೈತೊಳೆದುಕೊಳ್ಳಬಹುದಿತ್ತು, ಬಿಜಿಎಲ್ ಎಂಬ ಜೀನುಗುಂಪು ಇಲ್ಲದಿದ್ದರೆ. ಸ್ಯಾಲಿಸಿನ್‌ನಂಥ ಸಸ್ಯಜನ್ಯ ಸಕ್ಕರೆಗಳನ್ನು ಅರಗಿಸಬಲ್ಲ ಈ ಗುಂಪು ಎಲ್ಲೂ ಮುರಿದಿಲ್ಲ. ಆದರೂ ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಬಹುಪಾಲು ಕಾಡುತಳಿಗಳಲ್ಲೂ ಮೌನ. ಎಚ್-ಎನ್‌ಎಸ್ ಎಂಬ ಪ್ರೋಟೀನು ಅದನ್ನು ಅದುಮಿ ಹಿಡಿದಿರುತ್ತದೆ. ಆ ಹಿಡಿತ ತಪ್ಪಿಸುವುದು ಯಾರು? ಅದೇ ಐಎಸ್5, ಇಲ್ಲವೇ 768 ಅಕ್ಷರಗಳ ಅದರ ಜೊತೆಗಾರ ಐಎಸ್1. ಒಂದು ಕಡೆ ಜೀನಿನೊಳಗೆ ಬಿದ್ದು ಬಾಯಿ ಕಟ್ಟಿದ ತುಣುಕು, ಇಲ್ಲಿ ಜೀನಿನ ಮುಂದೆ ಬಿದ್ದು ಬಾಯಿ ಬಿಡಿಸುತ್ತದೆ! ಹತ್ತು ಲಕ್ಷ ಕೋಶಗಳಲ್ಲಿ ಒಂದಕ್ಕೆ ಹೀಗಾಗುತ್ತದೆ ಎಂದಿಟ್ಟುಕೊಳ್ಳಿ. ಚೆನ್ನಾಗಿ ಬೆಳೆದ ಒಂದು ಮಿಲಿಲೀಟರ್ ದ್ರಾವಣದಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ಅಂದರೆ ಅಷ್ಟರಲ್ಲೇ ಸಾವಿರ ಕೋಶಗಳು ಎಚ್ಚರವಾಗಿರುತ್ತವೆ.

ಬಳಸದ ಜೀನನ್ನು ವಿಕಾಸ ಯಾಕೆ ಇನ್ನೂ ಸವೆಸಿ ಎಸೆದಿಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಮಹದೇವನ್ ಮತ್ತು ಅವರ ಸಂಗಡಿಗರು 2005ರಲ್ಲಿ ಒಂದು ಸುಳಿವು ಕೊಟ್ಟರು. ಬಿಜಿಎಲ್ ಎಚ್ಚೆತ್ತ ಕೋಶಗಳನ್ನೂ ಮಾಮೂಲಿ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿ, ಆಹಾರ ತೀರಿದ ಮೇಲೂ ಹಾಗೇ ಬಿಟ್ಟರು. ಹಸಿವಿನ ದಿನಗಳಲ್ಲಿ ಮೇಲುಗೈಯಾದದ್ದು ಎಚ್ಚೆತ್ತವುಗಳದ್ದೇ. ಆ ಪಾತ್ರೆಗೆ ಸ್ಯಾಲಿಸಿನ್ ಹಾಕಿರಲೇ ಇಲ್ಲ.