ಜಂಪರ್ ಬದಲಿಸುತ್ತಿದ್ದುದೇಕೆ?

ಪ್ರಶ್ನೆ: ಹಳೆಯ ಕಂಪ್ಯೂಟರಿಗೆ ಸೌಂಡ್ ಕಾರ್ಡ್ ಹಾಕುವಾಗ ಪುಟ್ಟ ಜಂಪರ್ ಕಿತ್ತು ಬೇರೆ ಪಿನ್ನಿಗೆ ಸಿಕ್ಕಿಸುತ್ತಿದ್ದರಲ್ಲ, ಯಾಕೆ?

ಉತ್ತರ: ಪ್ರೊಸೆಸರನ್ನು ಕರೆಯಲು ಇಂಥ ಕಾರ್ಡಿಗೆ ಐಆರ್‌ಕ್ಯೂ ಎಂಬ ತನ್ನದೇ ತಂತಿ ಬೇಕು. 1981ರ ಐಬಿಎಂ ಪಿಸಿಯಲ್ಲಿ ಅಂಥವು 8, 1984ರ ಎಟಿಯಲ್ಲಿ 15. ಗಡಿಯಾರ, ಕೀಬೋರ್ಡ್, ಡಿಸ್ಕುಗಳು ಮೊದಲೇ ಕೆಲವನ್ನು ಹಿಡಿದಿರುತ್ತಿದ್ದವು. ಐಎಸ್‌ಎ ಸ್ಲಾಟಿನ ಎರಡು ಕಾರ್ಡುಗಳು ಒಂದೇ ತಂತಿಯನ್ನು ನೆಮ್ಮದಿಯಾಗಿ ಹಂಚಿಕೊಳ್ಳುವಂತಿರಲಿಲ್ಲ. ಆರಂಭದ ಸೌಂಡ್ ಬ್ಲಾಸ್ಟರ್ ಕಾರ್ಡು ಕೇಳುತ್ತಿದ್ದುದು ಐಆರ್‌ಕ್ಯೂ 7ನ್ನು. ಅದೋ ಪ್ರಿಂಟರ್ ಪೋರ್ಟಿನ ಪಾಲು! ಹಾಗಾಗಿ ಜಂಪರನ್ನು 5ಕ್ಕೆ ಸರಿಸಿ, ಕಂಪ್ಯೂಟರ್ ಶುರುವಾಗುವಾಗ ಓದುವ ಆಟೊಎಕ್ಸೆಕ್ ಕಡತದಲ್ಲಿ ‘ಎ220 ಐ5 ಡಿ1’ ಎಂದು ಬರೆಯಬೇಕಿತ್ತು: ವಿಳಾಸ, ಐಆರ್‌ಕ್ಯೂ, ಡಿಎಂಎ. ಐಆರ್‌ಕ್ಯೂ ಅಂಕಿ ತಪ್ಪಿದರೆ ಆಟದ ಸದ್ದಿನ ಮೊದಲ ತುಣುಕೇ ಮತ್ತೆಮತ್ತೆ ಮೊಳಗುತ್ತಿತ್ತು. ವಿಂಡೋಸ್ 95 ಜೊತೆ ಬಂದ ಪ್ಲಗ್ ಅಂಡ್ ಪ್ಲೇ ಈ ಹಂಚಿಕೆಯನ್ನು ತಾನೇ ವಹಿಸಿಕೊಂಡಿತು. ಆದರೂ ಜಂಪರಿನ ಗುಣ ದೊಡ್ಡದು. ಕಾರ್ಡು ನೋಡಿದರೆ ಸಾಕು, ಸೆಟ್ಟಿಂಗ್ ಕಣ್ಣಿಗೇ ಕಾಣುತ್ತಿತ್ತು.