ಭಟ್ಕಳ ಬಿರಿಯಾನಿ: ಅವಸರ ಎಲ್ಲಿ, ತಾಳ್ಮೆ ಎಲ್ಲಿ?

ಒಂದು ಕೆಜಿ ಮಟನ್‌ಗೆ ಒಂದು ಕೆಜಿ ಈರುಳ್ಳಿ! ಭಟ್ಕಳದ ನವಾಯತ ಮುಸ್ಲಿಮರ ಬಿರಿಯಾನಿಯ ಜೀವ ಇರೋದೇ ಈರುಳ್ಳಿಯಲ್ಲಿ.

ಇದು ಪದರದ ಅಡುಗೆ. ಇಂಗ್ಲಿಷರ ಶೆಫರ್ಡ್ಸ್ ಪೈಯಲ್ಲಿ ಕುರಿ ಖೀಮಾ ಮೇಲೆ ಆಲೂಗಡ್ಡೆ. ಇಲ್ಲಿ ಮಟನ್ ಮಸಾಲೆ ಮೇಲೆ ಅನ್ನ.

ಟೈಮಿಲ್ವಾ? ಮಟನ್ ಕುಕ್ಕರಿನಲ್ಲಿ ಬೇಯಿಸಿ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಅಂಗಡಿಯದ್ದೇ ಆಗಲಿ. ಆದರೆ ಈರುಳ್ಳಿಗೆ ಅವಸರ ಬೇಡ.

ಬೇಸಿಗೆಯಲ್ಲಾದರೆ ಕುಮಟಾ ಹೆದ್ದಾರಿ ಬದಿ ಗೊಂಚಲಾಗಿ ತೂಗುವ ಸಿಹಿ ಈರುಳ್ಳಿ ತನ್ನಿ. ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಕರಗೋವರೆಗೆ ಬಾಡಿಸಿ. ಪೇಸ್ಟ್, ಹಸಿಮೆಣಸು, ಟೊಮೆಟೊ, ಬೆಂದ ಮಟನ್ ಸೇರಿಸಿ, ಎಣ್ಣೆ ಬಿಡೋವರೆಗೆ ಕೈಯಾಡಿಸಿ.

ಮುಕ್ಕಾಲು ಬೆಂದ ಅನ್ನ ಮೇಲೆ ಹರಡಿ, ಕೇಸರಿ ನೀರು ಅಲ್ಲಲ್ಲಿ ಚಿಮುಕಿಸಿ. ಮುಚ್ಚಳ ಬಿಗಿದು 20 ನಿಮಿಷ ದಮ್.

ಸೌಟು ತಳದವರೆಗೆ ಇಳಿಸಿ ಬಡಿಸಿ. ಬಿಳಿ ಅನ್ನದ ಜೊತೆ ಮಸಾಲೆಯೂ ಎದ್ದು ಬರಬೇಕು. ಅದೇ ಭಟ್ಕಳದ ರುಚಿ!